ನೀರು ಕುಡಿದ ಗಾಲಿಗಳು

ನಮ್ಮ ಮನೆಯ ಮೋಟಾರಿಗೆ ಮರದ ಗಾಲಿಗಳಿದ್ದವು ಎಂದರೆ ಈಗಿನ ಮಕ್ಕಳು ನಂಬುವುದಿಲ್ಲ. ಅಜ್ಜಿಗೆ ಬಂಡಿಯೂ ಮೋಟಾರೂ ಕಲಸಿಹೋಗಿವೆ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ನನಗೇನೂ ಕಲಸಿಹೋಗಿಲ್ಲ. ಹೊರಗೆ ರಬ್ಬರಿನ ಟೈರು, ಅದರ ಒಳಗೆ ಕಬ್ಬಿಣದ ಬಳೆ, ಆ ಬಳೆಯಿಂದ ನಡುಗುಂಬದವರೆಗೆ ಮರದ ಅರಗಳು. ಅರ ಎಂದರೆ ಬೆರಳುಗಳ ಹಾಗೆ ಹರಡಿಕೊಂಡ ಗಟ್ಟಿ ಕಡ್ಡಿಗಳು. ಒಂದೊಂದು ಗಾಲಿಗೆ ಹನ್ನೆರಡು. ಅವಕ್ಕೆ ಬೆಣ್ಣೆಯ ಬಣ್ಣ ಬಳಿದಿದ್ದರು. ಮೋಟಾರಿನ ಮೈಯೆಲ್ಲ ಕಪ್ಪು, ಮೇಲೆ ಮಡಚುವ ಕ್ಯಾನ್ವಾಸಿನ ಹೊದಿಕೆ. ಹೈದರಾಬಾದಿಗೆ ವರ್ಗವಾಗಿ ಹೋದ ಒಬ್ಬ ಅಧಿಕಾರಿಯಿಂದ ನಮ್ಮ ಮನೆಯವರು ಅದನ್ನು ಕೊಂಡಿದ್ದರು. ಕೊಪ್ಪಳದಲ್ಲಿ ನಮ್ಮದು ಕಾಳುಕಡಿಯ ವ್ಯಾಪಾರ. ಅಕ್ಕಿಗೆ ಗಂಗಾವತಿ, ಜೋಳ ಮತ್ತು ಶೇಂಗಾಕ್ಕೆ ಕುಷ್ಟಗಿ, ಯಲಬುರ್ಗಾ ಎಂದು ಅವರು ವರ್ಷವಿಡೀ ತಿರುಗುತ್ತಿದ್ದರು. ಪೆಟ್ರೋಲಿಗೆ ಚೀಟಿ ಹಿಡಿದು ನಿಲ್ಲಿಸಿದ ಯುದ್ಧದ ದಿನಗಳು ಇನ್ನೂ ಬಂದಿರಲಿಲ್ಲ.

ಆ ವರ್ಷ ಚೈತ್ರದಲ್ಲಿ ನನ್ನ ನಾದಿನಿಗೆ ಏಳು ತಿಂಗಳು ತುಂಬಿತು. ಅವಳನ್ನು ಕುಷ್ಟಗಿಗೆ ಕೊಟ್ಟಿತ್ತು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು, ಆದ್ದರಿಂದ ಕರೆತರುವುದು ನಮ್ಮ ಪಾಲಿನ ಕೆಲಸ. ದಾರಿ ನಲವತ್ತು ಮೈಲಿಗೂ ಹೆಚ್ಚು. ಗರಸಿನ ರಸ್ತೆ, ನಡುವೆ ಹಳ್ಳದ ಮರಳು, ನೆರಳಿಲ್ಲದ ಎರೆಭೂಮಿ. ಬಂಡಿಯೋ ಮೋಟಾರೋ ಎಂದು ಒಂದು ಮುಂಜಾನೆ ಪಡಸಾಲೆಯಲ್ಲಿ ಮಾತು ಬಂತು. ನನ್ನ ಅತ್ತೆ ಕಂಬಕ್ಕೆ ಒರಗಿ ಕೂತಿದ್ದರು.

"ಬಂಡ್ಯಾಗ ಎರಡ ದಿನ ಆಗತೈತಿ," ಎಂದರು. "ನಾನೂ ಹಂಗ ತವರಿಗಿ ಹೋದಾಕಿ, ಇಂಥಾದ ಬಿಸಲಾಗ. ನನ್ನ ಮದಲಿನ ಕೂಸು ಉಳೀಲಿಲ್ಲ. ಆಕಿನ್ನ ಬಂಡ್ಯಾಗ ತರೂದು ಬ್ಯಾಡ."

"ಮೋಟಾರ ಐತೆಲ್ಲವ್ವಾ," ಎಂದರು ನಮ್ಮ ಮನೆಯವರು.

"ಐತಿ. ಹ್ವಾದ ವರ್ಷ ಯಲಬುರ್ಗಾದ ದಾರ್ಯಾಗ ಅರ್ಧಾ ದಿನಾ ನಿಂತ ಬಿಟ್ಟಿತ್ತು. ನೀನು ಗಂಡಸು, ಬೇವಿನ ಗಿಡದ ಬುಡಕ ಮಲಗಿ ಬಂದಿ. ಆಕಿ ಎಲ್ಲಿ ಮಲಗಬೇಕು? ನಡು ದಾರ್ಯಾಗ ನಿಲ್ಲೂದಿಲ್ಲ ಅಂತ ಯಾರರೆ ಒಬ್ಬರು ನನಗ ಮಾತ ಕೊಡ್ರಿ. ಕೊಟ್ಟರ ಮೋಟಾರು. ಇಲ್ಲಂದ್ರ ಆಕಿ ಅಲ್ಲೇ ಹಡೀಲಿ."

ನಮ್ಮ ಮನೆಯವರು ಡ್ರೈವರನ ಕಡೆ ನೋಡಿದರು. ಡ್ರೈವರು ಜಂತಿಯ ಕಡೆ ನೋಡಿದ. ಮಗಳು ಅಲ್ಲೇ ಹಡೆಯಲಿ ಎಂದ ಅತ್ತೆಯ ಕೈ ಮಾತ್ರ ಸೀರೆಯ ನೆರಿಗೆಯನ್ನು ಬಿಚ್ಚಿ ಮತ್ತೆ ಮತ್ತೆ ಮಡಚುತ್ತಿತ್ತು.

"ನಾ ಕೊಡತೀನ್ರಿ ಅತ್ತೀ," ಎಂದೆ.

"ನಿನಗೇನ ತಿಳೀತೈತಿ ಮೋಟಾರಿಂದು?"

"ತಿಳಕೊಂತೀನ್ರಿ."

ಇದು ಜಂಬದ ಮಾತಾಗಿರಲಿಲ್ಲ. ನಾನು ಬಳ್ಳಾರಿಯ ಕಾನ್ವೆಂಟಿನಲ್ಲಿ ಕಲಿತವಳು. ಅಲ್ಲಿ ರಜೆಗೆ ಊರಿಗೆ ಹೊರಡುವ ಮುಂಚೆ ನಮ್ಮ ಟ್ರಂಕಿನ ತಪಾಸಣೆ ಆಗುತ್ತಿತ್ತು. ಹೊಲಿಗೆ ಕಲಿಸುವ ಸನ್ಯಾಸಿನಿ ಪಟ್ಟಿ ಹಿಡಿದು ಒಂದೊಂದೇ ಸಾಮಾನಿನ ಹೆಸರು ಓದುತ್ತಿದ್ದರು. ನಾವು ಆ ಸಾಮಾನಿನ ಮೇಲೆ ಕೈಯಿಟ್ಟು ಆಮೇಲೆ 'ಇದೆ' ಎನ್ನಬೇಕು. ಕಣ್ಣಿಗೆ ಕಂಡಿತು ಎಂದು ಹೇಳಿದರೆ ಟ್ರಂಕನ್ನೆಲ್ಲ ಖಾಲಿ ಮಾಡಿಸಿ ಮತ್ತೆ ಮೊದಲಿಂದ. ಆ ಶಿಸ್ತು ನನ್ನ ಬೆರಳಿಗೆ ಅಂಟಿಕೊಂಡಿತ್ತು. ಮದುವೆಯಾಗಿ ಬಂದ ಮೇಲೆ ಉಪ್ಪಿನಕಾಯಿಯ ಭರಣಿಗಳನ್ನೂ ಹಾಗೇ ನೋಡುತ್ತಿದ್ದೆ. ಮೋಟಾರನ್ನು ನೋಡಲಾರೆನೇ?

ಡ್ರೈವರು ಐವತ್ತು ದಾಟಿದ ಮುಸಲ್ಮಾನ ಗೃಹಸ್ಥ. ಹೈದರಾಬಾದಿನಲ್ಲಿ ಮೋಟಾರು ಕಲಿತು ಬಂದಿದ್ದ. ಮನೆಯವರೆಲ್ಲ ಅವನನ್ನು ಚಾಚಾ ಎನ್ನುತ್ತಿದ್ದರು. ನನ್ನ ವಹಿಯಲ್ಲಿ ನಾನು ಕನ್ನಡದಲ್ಲಿ ಪಟ್ಟಿ ಬರೆದುಕೊಂಡೆ. ಚಾಚಾನಿಗೆ ಓದಲು ಬರುತ್ತಿದ್ದದ್ದು ಉರ್ದು. ಆದ್ದರಿಂದ ನಾನು ಓದುವುದು, ಅವನು ಮುಟ್ಟಿ ಹೇಳುವುದು ಎಂದು ಗೊತ್ತುಮಾಡಿದೆ.

"ರೇಡಿಯೇಟರಿನ ನೀರು?"

"ಐತ್ರಿ ಬಾಯಿಸಾಬ್."

"ಕೈ ಇಡು ಚಾಚಾ."

"ಕೈ ಇಟ್ಟೀನ್ರಿ. ಇನ್ನೇನು ಗಲ್ಲಾ ಇಡಬೇಕೇನ್ರಿ?"

ಮೊದಲ ದಿನ ನಕ್ಕ. ಎರಡನೆಯ ದಿನ ರೇಡಿಯೇಟರಿನಿಂದ ಇಂಜಿನ್ನಿಗೆ ಹೋಗುವ ರಬ್ಬರು ಕೊಳವೆಯ ಕೆಳಮೈಗೆ ಬೆರಳು ತಾಗಿಸಿದವನು ಬಗ್ಗಿ ನೋಡಿದ. ಕಣ್ಣಿಗೆ ಕಾಣದ ಕಡೆ ಅದು ಬಿರಿದಿತ್ತು. ಹೋದ ವರ್ಷ ಯಲಬುರ್ಗಾದಲ್ಲಿ ಮೋಟಾರು ನಿಂತದ್ದು ಇದಕ್ಕೇ ಇರಬೇಕು ಎಂದು ಹೇಳಿ ಹೊಸ ಕೊಳವೆ ಹಾಕಿದ. ಮೂರನೆಯ ದಿನದಿಂದ ನಾನು ಹೇಳುವ ಮುಂಚೆಯೇ ಕೈ ಇಡತೊಡಗಿದ.

ರೇಡಿಯೇಟರಿಗೆ ಹಿತ್ತಿಲ ಬಾವಿಯ ಸವುಳು ನೀರನ್ನು ಹಾಕುವುದನ್ನು ನಿಲ್ಲಿಸಿದೆ. ಆ ನೀರು ಕಾಸಿದ ಹಂಡೆಯ ಒಳಗೆ ಬೆಳ್ಳಗೆ ಹಕ್ಕಳೆ ಕಟ್ಟುವುದನ್ನು ನಾನು ದಿನಾ ಉಜ್ಜುವವಳು. ಮೋಟಾರಿನ ಹೊಟ್ಟೆಯಲ್ಲೂ ಹಾಗೇ ಕಟ್ಟುತ್ತದಲ್ಲವೇ ಎಂದು ಕೇಳಿದ್ದಕ್ಕೆ ಚಾಚಾ ಒಳಗಿನ ನೀರನ್ನೆಲ್ಲ ಬಿಟ್ಟು ತೋರಿಸಿದ. ಅದು ಸುಣ್ಣದ ತಿಳಿಯಂತಿತ್ತು. ಅಂದಿನಿಂದ ಮೋಟಾರಿಗೂ ನಾವು ಕುಡಿಯುವ ಸಿಹಿನೀರೇ. ಕ್ಯಾನ್ವಾಸಿನ ಹೊದಿಕೆ ಮೂಲೆಯಲ್ಲಿ ಹರಿದಿತ್ತು. ಅದಕ್ಕೆ ತೇಪೆಯಿಟ್ಟು ಎರಡು ಸಾಲು ಹೊಲಿಗೆ ಹಾಕಿದೆ. ಹೊಲಿಗೆಯ ಮೇಲೆ ಮೇಣ ತಿಕ್ಕಿದೆ. ಟ್ಯೂಬು, ತೇಪೆ, ಪಂಪು, ಜಾಕು, ಪಂಖದ ಪಟ್ಟಿ ಎಲ್ಲದರ ಮೇಲೂ ಕೈ ಬಿತ್ತು.

ಇಷ್ಟಾದ ಮೇಲೆ ಒಂದು ಸಣ್ಣ ಸದ್ದು ಕೇಳಿಸಿತು. ಇಂಜಿನ್ನು ಚಾಲೂ ಮಾಡದೆ ಮೋಟಾರನ್ನು ಶೆಡ್ಡಿನಿಂದ ಹೊರಗೆ ನೂಕುತ್ತಿದ್ದರು. ಹಿಂದಿನ ಬಲಗಾಲಿ ತಿರುಗುವಾಗ ಕಿರ್ರ್, ಒಂದು ಸುತ್ತಿಗೆ ಒಮ್ಮೆ, ಮತ್ತೆ ಕಿರ್ರ್.

"ಅದು ಕಟಗಿ ಗುಣರೀ," ಎಂದ ಚಾಚಾ. "ಇಂಜಿನ್ನು ಹಾಡಾಕ ಸುರು ಮಾಡಿದ್ರ ಅದು ಕೇಳೂದಿಲ್ಲ."

"ಕೇಳದಿದ್ರ ಹೋದಂಗಾತೇನು?" ಎಂದೆ.

ಅತ್ತೆ ಹೊಸ್ತಿಲಲ್ಲೇ ನಿಂತು ಕೇಳಿದರು. ಅವರು ಮೋಟಾರಿನ ಹತ್ತಿರ ಬರುತ್ತಿರಲಿಲ್ಲ. ಅದರಲ್ಲಿ ಒಮ್ಮೆಯೂ ಕೂತಿರಲಿಲ್ಲ. ಆದರೆ ಗಾಲಿಯ ಸದ್ದು ಅವರಿಗೆ ಹೊಸದಲ್ಲ. "ಬಿಸಲಿಗಿ ಗಾಲಿ ಒಣಗೈತಿ. ನೀರ ಕುಡಸ್ರಿ," ಎಂದರು.

ನಮ್ಮ ಸೀಮೆಯಲ್ಲಿ ಇದು ಎಲ್ಲರಿಗೂ ಗೊತ್ತಿರುವ ವಿದ್ಯೆ. ಬೇಸಿಗೆಯಲ್ಲಿ ಬಂಡಿಯ ಗಾಲಿಯ ಕಟ್ಟಿಗೆ ಒಣಗಿ ಕುಗ್ಗುತ್ತದೆ, ಸುತ್ತಲಿನ ಕಬ್ಬಿಣದ ಹಳಿ ಸಡಿಲಾಗುತ್ತದೆ. ಆಗ ಬಂಡಿಯನ್ನು ಹಳ್ಳದ ನೀರಿಗೆ ಇಳಿಸಿ ನಿಲ್ಲಿಸುತ್ತಾರೆ. ಕಟ್ಟಿಗೆ ನೀರು ಕುಡಿದು ಉಬ್ಬಿ ಗಟ್ಟಿಯಾಗುತ್ತದೆ. ಚಾಚಾನೂ ಹೌದೌದು ಎಂದ. ಮೋಟಾರನ್ನು ಹಳ್ಳಕ್ಕಿಳಿಸಲು ಬಾರದು, ಬ್ರೇಕಿಗೆ ನೀರು ಹೋಗುತ್ತದೆ. ಹಾಗಾಗಿ ನಾಲ್ಕೂ ಗಾಲಿಗೆ ಗೋಣಿಚೀಲ ಸುತ್ತಿ, ಮೂರು ದಿನ ಮುಂಜಾನೆ ಸಂಜೆ ಕೊಡ ಕೊಡ ನೀರು ಹೊಯ್ದೆವು. ನಾಲ್ಕನೆಯ ದಿನ ನೂಕಿಸಿದರೆ ಗಾಲಿ ಮಾತೇ ಆಡಲಿಲ್ಲ. ನಾನು ವಹಿಯಲ್ಲಿ 'ಗಾಲಿ ಸರಿ' ಎಂದು ಬರೆದು ಗೆರೆ ಎಳೆದೆ. ಸೋಮವಾರ ಮುಂಜಾನೆ ಬರುತ್ತೇವೆಂದು ಕುಷ್ಟಗಿಗೆ ಹೊರಟಿದ್ದ ವ್ಯಾಪಾರಿಯೊಬ್ಬರ ಕೈಲಿ ಚೀಟಿ ಕಳಿಸಿದೆವು.

ಶುಕ್ರವಾರ ನಮ್ಮ ಮನೆಯವರಿಗೆ ಗಂಗಾವತಿಯಲ್ಲಿ ಕೆಲಸವಿತ್ತು. ಪರೀಕ್ಷೆಯೂ ಆಗಲಿ ಎಂದು ನಾನೂ ಹಿಂದಿನ ಸೀಟಿನಲ್ಲಿ, ನಾದಿನಿ ಕೂರಬೇಕಾದ ಜಾಗದಲ್ಲಿ, ಕೂತೆ. ಹೋಗುವಾಗ ತಂಪು ಹೊತ್ತು, ಹೂವಿನಂಥ ಸವಾರಿ. ಗಂಗಾವತಿಯ ಹತ್ತಿರ ಹಳೆಯ ಕಾಲುವೆಗಳ ಪಕ್ಕದಲ್ಲಿ ಬತ್ತದ ಗದ್ದೆಯ ಹಸಿ ಗಾಳಿ ಮುಖಕ್ಕೆ ಬಡಿಯಿತು. ಹತ್ತು ಗಂಟೆಯ ಮೇಲೆ ಚಕ್ರ ಉರುಳಬಾರದೆಂದು ನನ್ನ ಕಟ್ಟಪ್ಪಣೆಯಿತ್ತು. ಅಕ್ಕಿಯ ಮಾತು ಮುಗಿದು ಹೊರಡುವಾಗ ಹನ್ನೊಂದಾಯಿತು. ಬರುವಾಗ ಬಂಡೆಗುಡ್ಡಗಳು ಒಲೆಯ ಕಲ್ಲಿನಂತೆ ಕಾಯ್ದಿದ್ದವು. ಕೊಪ್ಪಳ ಇನ್ನೂ ಆರೇಳು ಮೈಲಿ ಇರುವಾಗ, ಇಂಜಿನ್ನಿನ ಸದ್ದಿನ ನಡುವೆಯೂ, ಕಿರ್ರ್ ಎಂದಿತು. ಆಮೇಲೆ ಕಟ್ ಎಂದಿತು.

"ನಿಲ್ಲಸು ಚಾಚಾ," ಎಂದೆ.

ಇಳಿದು ಗಾಲಿಯ ಮುಂದೆ ಕೂತು ನೋಡಿದೆ. ಅರಗಳು ಕಬ್ಬಿಣದ ಬಳೆಗೆ ಸೇರುವಲ್ಲಿ ಬೆಣ್ಣೆಯ ಬಣ್ಣ ಬಿರಿದು, ದಾರದಷ್ಟು ತೆಳ್ಳಗಿನ ಕಂದು ಗೆರೆ ಕಾಣಿಸುತ್ತಿತ್ತು. ಕೆಳಗೆ ತವುಡಿನಂಥ ಪುಡಿ. ತಲೆಯ ಪಿನ್ನು ತೆಗೆದು ಗೆರೆಗೆ ಹಚ್ಚಿದೆ. ಅದು ಒಳಗೆ ಹೋಯಿತು. ಇನ್ನೊಂದು ಅರ ಹಿಡಿದು ಅಲುಗಿಸಿದೆ. ಅದು ಸಡಿಲಾದ ಹಲ್ಲಿನ ಹಾಗೆ ಅಲುಗಿತು. ಆಗ ನನಗೆ ತಿಳಿಯಿತು: ಎಲ್ಲದರ ಮೇಲೂ ಕೈ ಇಡಿಸಿದ್ದ ನಾನು ಗಾಲಿಯನ್ನು ಮಾತ್ರ ಕಿವಿಯಿಂದ ನೋಡಿ 'ಸರಿ' ಎಂದು ಬರೆದಿದ್ದೆ.

ಅಲ್ಲಿಂದ ಮನೆಯವರೆಗೆ ಎಮ್ಮೆಯ ನಡಿಗೆಯಲ್ಲಿ ಬಂದೆವು. ಶೆಡ್ಡಿನಲ್ಲಿ ನಮ್ಮ ಮನೆಯವರು ದನಿ ತಗ್ಗಿಸಿ, "ಅವ್ವಗ ಹೇಳಬ್ಯಾಡ," ಎಂದರು. "ಇವತ್ತ ನಾಳೆ ಮತ್ತ ಗೋಣಿಚೀಲ ಸುತ್ತಿ ನೀರ ಹಾಕಸತೀನಿ. ಗಟ್ಟಿ ಆಗತೈತಿ. ಹೋಗಿ ಬರೂ ತನಕ ತಡದ್ರ ಸಾಕಲ್ಲ."

"ಬರೂ ಮುಂದ ಬಿಸಲ ಏರಿದ್ರ? ಹಿಂದ ಆಕಿ ಕುಂತಿರತಾಳ್ರಿ."

"ಸೋಮವಾರ ಅಂತ ಚೀಟಿ ಹೋಗೈತಿ."

"ಇನ್ನೊಂದ ಚೀಟಿ ಹೋಗತೈತಿ," ಎಂದೆ.

ಅವರು ಸಿಟ್ಟಾಗಲಿಲ್ಲ. ಟೋಪಿ ತೆಗೆದು ಹಣೆ ಒರಸಿಕೊಂಡು, "ಹಂಗಾರ ನೀನ ಹೇಳು. ನನಗ ಧೈರ್ಯ ಇಲ್ಲ," ಎಂದರು. ಊರಿನ ವ್ಯಾಪಾರಿಗಳೆಲ್ಲ ಅಂಜುತ್ತಿದ್ದ ಮನುಷ್ಯ ಹಾಗೆಂದದ್ದು ನೋಡಿ ನನಗೆ ನಗು ಬಂದರೂ ನಗಲಿಲ್ಲ.

ಅತ್ತೆ ಹಿತ್ತಿಲಲ್ಲಿ ಶಾವಿಗೆಯ ಎಳೆಗಳನ್ನು ಕೋಲಿನ ಮೇಲೆ ಇಳಿಬಿಟ್ಟು ಒಣಗಿಸುತ್ತಿದ್ದರು. ಬಾಣಂತನಕ್ಕೆಂದೇ ಆ ವರ್ಷ ಎರಡು ಡಬ್ಬಿ ಹೆಚ್ಚು ಹೊಸೆದಿದ್ದರು. ನಾನು ಹತ್ತಿರ ಹೋಗಿ ನಿಂತೆ.

"ಅತ್ತೀ, ನಿಮಗ ಮಾತ ಕೊಟ್ಟಿದ್ದೆ. ಇವತ್ತಿನ ಮಟ್ಟಿಗೆ ಅದನ್ನ ವಾಪಸ ತಗೊಂತೀನ್ರಿ. ಗಾಲಿ ಸಡಲ ಆಗೈತಿ. ಸೋಮವಾರ ಹೋಗಾಕ ಬರೂದಿಲ್ಲ."

ಅವರು ಎಳೆಯೊಂದನ್ನು ನೇರ ಮಾಡಿದರು. ಅದು ತುಂಡಾಯಿತು.

"ನೀರ ಕುಡಸ್ರಿ ಅಂದಾಕಿ ನಾನ," ಎಂದರು.

"ಸರಿ ಅಂತ ಬರದಾಕಿ ನಾನ್ರಿ."

ತುಂಡಾದ ಎಳೆಯನ್ನು ಬದಿಗಿಟ್ಟು ನನ್ನ ಕಡೆ ತಿರುಗಿದರು. "ಹೇಳಿದ್ದು ಛಲೋ ಆತು. ಮುಚ್ಚಿಟ್ಟಿದ್ರ ಮುಂದ ನೀ ಹಗಲು ಅಂದ್ರೂ ನಾ ಹೊರಗ ಬಂದು ನೋಡತಿದ್ದೆ. ಹೋಗು, ಬಡಿಗೇರ ಅಜ್ಜನ್ನ ಕರಸು."

ಆ ಅಜ್ಜ ಕಿನ್ನಾಳದ ಕಡೆಯವನು. ಅವನ ಬಂಧುಗಳೆಲ್ಲ ಗೊಂಬೆ ಮಾಡಿ ಬಣ್ಣ ಬಳಿಯುವವರಾದರೆ ಇವನಿಗೆ ಒಲಿದದ್ದು ಬಂಡಿಯ ಗಾಲಿ. ಬಂದವನು ಮೋಟಾರಿನ ಮುಖವನ್ನೂ ನೋಡಲಿಲ್ಲ. ನೇರವಾಗಿ ಗಾಲಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು ಸಣ್ಣ ಸುತ್ತಿಗೆಯಿಂದ ಒಂದೊಂದೇ ಅರ ಬಡಿದ. ತಪ್ ತಪ್ ಎಂದವು.

"ಇದಕ್ಕ ನೀರ ಹಾಕಿದವರು ಯಾರು?"

ಹೊಸ್ತಿಲ ಕಡೆಯಿಂದ, "ನಾನ," ಎಂದು ಅತ್ತೆಯ ದನಿ ಬಂತು.

"ಬಂಡಿ ಗಾಲಿಗಾದ್ರ ಖರೇನರೆವ್ವಾ. ಬಂಡಿ ದಿನಾ ಹಳ್ಳ ದಾಟತೈತಿ, ದಿನಾ ನೀರ ಕುಡೀತೈತಿ. ಹಳಿ ಸಡಲಾದ್ರ ಬೆಂಕ್ಯಾಗ ಕಾಸಿ ಮತ್ತ ಏರಸತೀನಿ. ಈ ಬಳಿ ಕಾಸಾಕ ಬರೂದಿಲ್ಲ. ಕಟಗಿ ನೀರ ಕುಡದು ಉಬ್ಬೈತಿ, ಉಬ್ಬಿ ಬಳೀಗಿ ಒತ್ತೈತಿ, ಒತ್ತಿ ಒತ್ತಿ ತನ್ನ ತುದಿ ತಾನ ಜಜ್ಜಿಕೊಂಡೈತಿ. ಈಗ ಒಣಗಿದ ಮ್ಯಾಲ ಮದಲಿಗಿಂತ ಗಿಡ್ಡ ಆಗೈತಿ."

"ಅಂದ್ರ ಕೆಟ್ಟ ಹೋತೇನಪಾ?" ಎಂದು ಅತ್ತೆ ಕೇಳಿದರು.

"ಕೆಡೂದ್ಯಾಕ? ಗಾಲಿ ಬಿಚ್ಚಿ ಬಿಸಲಿಗಿ ಇಡ್ರಿ. ಪೂರಾ ಒಣಗಲಿ. ಎಷ್ಟು ಸಂದು ಬೀಳತೈತಿ ಅಷ್ಟೂ ಬೀಳಲಿ. ಆ ಸಂದು ನಾ ತುಂಬತೀನಿ. ಅರೆಬರೆ ಒಣಗಿದಾಗ ತುಂಬಿದ್ರ ನಾಳೆ ಮತ್ತ ನನಗ ಬೈತೀರಿ."

ಮಾತು ಎಷ್ಟು ಸರಳವಾಗಿತ್ತೆಂದರೆ ನನಗೇ ಹೊಳೆಯಬೇಕಿತ್ತು ಅನ್ನಿಸಿತು. ದೋಷವನ್ನು ತೇವದಲ್ಲಿ ಮುಚ್ಚಬಾರದು, ಪೂರ್ತಿ ಹೊರಬರಲು ಬಿಡಬೇಕು. ಮೂರು ದಿನ ನಾಲ್ಕು ಗಾಲಿಗಳು ಹಿತ್ತಿಲ ಗೋಡೆಗೆ ಒರಗಿ ಬಿಸಿಲು ಕಾಯಿಸಿಕೊಂಡವು. ಪಕ್ಕದಲ್ಲೇ ಶಾವಿಗೆ ಒಣಗುತ್ತಿತ್ತು. ಮೋಟಾರು ಅಂಗಳದಲ್ಲಿ ಕಲ್ಲುಗಳ ಮೇಲೆ ಕೂತಿತ್ತು. ಚಾಚಾ ಅದರ ಸುತ್ತ ಸುತ್ತಿ, "ಮೋಟಾರು ಹೋಗಿ ಮಂಚ ಆತು. ಇನ್ನೊಂದು ಗಾದಿ ಹಾಸಿದ್ರ ನಾನೂ ಮಲಗತೀನ್ರಿ," ಎಂದು ಗೊಣಗಿದ.

ನಾಲ್ಕನೆಯ ದಿನ ಅಜ್ಜ ಬಂದ. ತೆಳ್ಳಗಿನ ಹಿತ್ತಾಳೆ ಬೇಕೆಂದ. ಅತ್ತೆ ಒಳಗಿನಿಂದ ಅಂಚು ಸೀಳಿದ ಹಳೆಯ ಊಟದ ಗಂಗಾಳವೊಂದನ್ನು ತಂದು ಕೊಟ್ಟರು. ಅಜ್ಜ ಅದನ್ನು ಉಗುರಿನಗಲದ ತುಂಡುಗಳಾಗಿ ಕತ್ತರಿಸಿ, ಅರದ ತುದಿಗೂ ಬಳೆಗೂ ನಡುವಿನ ಸಂದಿಗೆ ಬೆಣೆಯ ಹಾಗೆ ಬಡಿದ. ಎದುರು ಬದುರಿನ ಅರಗಳನ್ನು ಜೋಡಿಯಾಗಿ ಬಿಗಿ ಮಾಡುತ್ತ ಬಂದ. ಒಂದು ಅರ ಉದ್ದಕ್ಕೆ ಸೀಳಿತ್ತು. ಅದನ್ನು ತೆಗೆದು ಜಾಲಿಯ ಕಟ್ಟಿಗೆಯಲ್ಲಿ ಹೊಸದು ಕೆತ್ತಿದ. ಮುಗಿಯುವ ಹೊತ್ತಿಗೆ ಸುತ್ತಿಗೆ ತಾಗಿದರೆ ತಪ್ ಎನ್ನುತ್ತಿದ್ದ ಗಾಲಿ ಠಣ್ ಎನ್ನುತ್ತಿತ್ತು. ಈ ಸಲ ನಾನು ಆ ಸದ್ದನ್ನು ನಂಬಿ ಕೂರಲಿಲ್ಲ. ನಾಲ್ಕೂ ಗಾಲಿಯ ಒಂದೊಂದು ಅರವನ್ನೂ ಹಿಡಿದು ಅಲುಗಿಸಿದೆ. ಪ್ರತಿ ಸಂದಿಗೂ ತಲೆಪಿನ್ನು ಹಚ್ಚಿದೆ. ಎಲ್ಲೂ ಹೋಗಲಿಲ್ಲ.

"ತಂಪ ಹೊತ್ತಿನಾಗ ಒಂದ ಸುತ್ತು ಹಾಕೂಣೇನ್ರಿ?" ಎಂದ ಚಾಚಾ.

"ತಂಪ ಹೊತ್ತಿನಾಗ ಬ್ಯಾಡ. ಈಗ, ಮಟಾ ಮಟಾ ಮಧ್ಯಾಹ್ನ. ಹಿಂದಿನ ಸೀಟಿಗೆ ಜೋಳದ ಚೀಲ ಹೇರು."

ನೆತ್ತಿ ಸುಡುವ ಹೊತ್ತಿನಲ್ಲಿ, ಮೂರು ಮಂದಿಯ ತೂಕದ ಜೋಳ ಹೇರಿಕೊಂಡು, ಚಾಚಾ ಕಿನ್ನಾಳದವರೆಗೆ ಹೋಗಿ ಬಂದ. ಬಂದ ಕೂಡಲೇ ಇಂಜಿನ್ನು ಆರಿಸಿ, ನೂಕಿಸಿ ಕೇಳಿದೆವು, ಮುಟ್ಟಿ ನೋಡಿದೆವು. ಗಾಲಿ ಗಟ್ಟಿಯಾಗಿತ್ತು. ನಾನು ಹಿತ್ತಿಲಿಗೆ ಹೋಗಿ, "ಅತ್ತೀ, ಈಗ ಮಾತ ಕೊಡತೀನ್ರಿ," ಎಂದೆ.

"ಹೂಂ," ಎಂದರು. ಅಷ್ಟೇ.

ಮರುದಿನ ಕೆಂಪು ಹರಿಯುವಾಗ ಹೊರಟು ಬಿಸಿಲೇರುವ ಮುಂಚೆ ಕುಷ್ಟಗಿ ಮುಟ್ಟಿದೆವು. ಹಗಲು ಬೀಗರ ಮನೆಯಲ್ಲಿ ಕಳೆದು, ಅದರ ಮರುದಿನ ಮುಂಜಾನೆ ನಾದಿನಿಯನ್ನು ಹತ್ತಿಸಿಕೊಂಡೆವು. ಹಿಂದಿನ ಸೀಟಿಗೆ ಅರಳೆಯ ಗಾದಿ, ಬೆನ್ನಿಗೆ ಎರಡು ತಲೆದಿಂಬು, ಪಕ್ಕಕ್ಕೆ ಒದ್ದೆ ಬಟ್ಟೆ ಸುತ್ತಿದ ಮಜ್ಜಿಗೆಯ ಮಗಿ, ಬುತ್ತಿಯಲ್ಲಿ ರೊಟ್ಟಿ, ಶೇಂಗಾದ ಹಿಂಡಿ, ಮೊಸರನ್ನ. ಅವಳ ಕಾಲುಗಳು ಊದಿದ್ದವು, ಅವುಗಳ ಕೆಳಗೊಂದು ಮಣೆ ಇಟ್ಟೆ.

ಯಲಬುರ್ಗಾದ ಹೊರಗೆ ಮೋಟಾರು ನಿಲ್ಲಿಸಿ ನಾನು ಇಳಿದು ಗಾಲಿಗಳನ್ನು ಸುತ್ತಿ ಬಂದೆ. ಅವಳು ಪಕ್ಕದ ಪರದೆ ಸರಿಸಿ ನೋಡುತ್ತಿದ್ದಳು.

"ವೈನೀ, ಗಾಲಿ ಕೈಕಾಲ ಹಿಡದು ಹಿಡದು ನೋಡತೀರಿ. ನನ್ನ ಕೈಕಾಲ ಕೇಳವರ ಇಲ್ಲೇನ್ರಿ?"

"ನಿನ್ನ ಸಲುವಾಗೇ ಅದರ ಕೈಕಾಲ ಹಿಡಿಯಾಕತ್ತೀನವ್ವಾ. ನಡು ನೋಯತೈತೇನು?"

"ಇಲ್ಲರಿ. ಹಸವಿ ಆಗೇತಿ."

ಅಲ್ಲೇ ಬೇವಿನ ನೆರಳಲ್ಲಿ ಅವಳು ಒಂದೂವರೆ ರೊಟ್ಟಿ ತಿಂದಳು. ಮುಂದೆ ಹಳ್ಳದ ಮರಳಿನಲ್ಲಿ ಚಾಚಾ ಟೈರಿನ ಗಾಳಿ ಕೊಂಚ ಬಿಟ್ಟು, ಗಾಲಿಯ ಮುಂದೆ ಗೋಣಿಚೀಲ ಹಾಸುತ್ತ ಮೆಲ್ಲಗೆ ದಾಟಿಸಿದ. ಭಾರ ಕಡಿಮೆಯಾಗಲೆಂದು ನಾನೂ ನಮ್ಮ ಮನೆಯವರೂ ಇಳಿದು ನಡೆದೆವು. ಆಚೆ ದಡದಲ್ಲಿ ಪಂಪು ಒತ್ತಿ ಮತ್ತೆ ಗಾಳಿ ತುಂಬಿದ್ದಾಯಿತು. ನಾನು ಒಳಗೆ ಬಂದು ಕೂತಾಗ ಅವಳು ತಲೆದಿಂಬಿಗೆ ಗಲ್ಲವಿಟ್ಟು ಬಾಯಿ ಅರೆ ತೆರೆದು ನಿದ್ದೆ ಹೋಗಿದ್ದಳು. ಹಾಗೇ ಕೊಪ್ಪಳ ಬಂತು.

ಮನೆಯ ಮುಂದೆ ಅತ್ತೆ ದೃಷ್ಟಿ ತೆಗೆಯಲು ತಂಬಿಗೆ ಹಿಡಿದು ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ, ಕಾಲ ಕೆಳಗಿನ ಸೆಗಣಿಯ ಸಾರಣೆ ಒಣಗಿ ಹೆಜ್ಜೆಯ ಗುರುತು ಮೂಡಿತ್ತು. ನಾನು ನಾದಿನಿಯ ಭುಜ ಮುಟ್ಟಲು ಹೋದೆ.

"ಎಬ್ಬಸಬ್ಯಾಡ," ಎಂದರು ಅತ್ತೆ. "ನಿದ್ದಿ ಹತ್ತೇತೇನು? ದಾರ್ಯಾಗ?"

"ಹಳ್ಳ ದಾಟಿದಾಗಿಂದ ಮಲಗ್ಯಾಳ್ರಿ."

ಅವರು ತಂಬಿಗೆಯನ್ನು ನನ್ನ ಕೈಗೆ ಕೊಟ್ಟರು. ಸೆರಗು ಬಿಗಿ ಮಾಡಿಕೊಂಡು, ಮೋಟಾರಿನ ಮೆಟ್ಟಿಲ ಮೇಲೆ ಕಾಲಿಟ್ಟು, ಒಮ್ಮೆ ಅದರ ಗಟ್ಟಿತನ ನೋಡಿ, ಒಳಗೆ ಹತ್ತಿದರು. ಮಗಳ ತಲೆಯನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡರು. ಅವಳು ಅರೆಗಣ್ಣು ತೆರೆದು "ಅವ್ವಾ" ಎಂದು ಮತ್ತೆ ಮುಚ್ಚಿದಳು.

ಚಾಚಾ ತಲೆ ಕೆರೆದುಕೊಂಡ. "ಅವ್ವಾರ, ಗಾಡಿ ಶೆಡ್ಡಿಗಿ..."

"ಇರಲಿ ಬಿಡಪಾ ಇಲ್ಲೇ."

ನಾನು ಛತ್ರಿ ತಂದು ಬಿಸಿಲು ಬೀಳುವ ಕಡೆ ಹಿಡಿದು ನಿಂತೆ. ಅತ್ತೆ ಕೂತಲ್ಲಿಂದಲೇ ಗಾದಿಯನ್ನು ಒತ್ತಿ ನೋಡಿದರು, ನನ್ನ ಎರಡು ಸಾಲಿನ ಹೊಲಿಗೆಯನ್ನು ತಲೆಯೆತ್ತಿ ನೋಡಿದರು.

"ಕೂಸಿನ್ನ ಕರಕೊಂಡ ಹೋಗೂ ಮುಂದನೂ ಇದರಾಗ ಹೋಗಲಿ," ಎಂದರು. "ಹೊರಡೂದಕ್ಕ ಒಂದ ವಾರ ಮದಲ ಮತ್ತೊಮ್ಮೆ ಎಲ್ಲಾ ಮುಟ್ಟಿ ನೋಡು."

"ನೋಡತೀನ್ರಿ."

ನೋಡಿದೆ. ಮಳೆಗಾಲ ಕಳೆದ ಮೇಲೆ, ಐದು ತಿಂಗಳ ಹೆಣ್ಣು ಕೂಸನ್ನು ಕುಷ್ಟಗಿಗೆ ಬಿಟ್ಟು ಬರಲು ಹೊರಟಾಗ, ಹಿಂದಿನ ಸೀಟಿನಲ್ಲಿ ಅದನ್ನು ತೊಡೆಯ ಮೇಲೆ ಹಾಕಿಕೊಂಡು ಕೂತವರು ಅತ್ತೆಯೇ. ನನಗೂ ನಾದಿನಿಗೂ ಇಬ್ಬದಿಯಲ್ಲಿ ಅಷ್ಟಿಷ್ಟು ಜಾಗ ಉಳಿದಿತ್ತು.